ಮೂರು ತಟ್ಟು

ನವೆಂಬರ್ 4, 2013. ಬೆಳಗ್ಗೆ 6
ಬಾಟಲ್ ತೊಳೆದೆ. ಹಾಲಿನ ಪುಡಿ, ಎಣ್ಣೆ, ಬಿಸಿನೀರು. ಮರಿ ಇವತ್ತೂ ಬಾಯಿ ಬಿಡಲಿಲ್ಲ. ಆರನೇ ದಿನ. ತೇಲುಪಂಜರದ ಮೂಲೇಲಿ ಮುದುಡಿಕೊಂಡಿದೆ. ಪುಸ್ತಕದಲ್ಲಿ ಮನಾಟೀ, ನಮ್ಮ ಬಾಯಲ್ಲಿ ಮೀನೆತ್ತು — ನೀರೊಳಗೇ ಹುಲ್ಲು ಮೇಯೋ ದೊಡ್ಡ ಪ್ರಾಣಿ. ನಮ್ಮ ರಕ್ಷಣಾ ಕೇಂದ್ರದ ಡಾಕ್ಟರ್ ತೆಲ್ಮಾ ಅವರ ಗೋಡೆಯ ನಕ್ಷೇಲಿ ಅಮೆಜಾನ್ ಉದ್ದಕ್ಕೂ ಕೆಂಪು ಚುಕ್ಕಿ — ಇವು ಉಳಿದಿರೋ ಕಡೆ. ನಮ್ಮ ಸರೋವರಕ್ಕೆ ಒಂದೇ ಚುಕ್ಕಿ. ಇದರ ತಾಯೀನ ಯಾರೋ ಈಟಿಯಿಂದ ಹೊಡೆದರಂತೆ. ಯಾರೋ! ಅಂಥ ಕೈ ಇಲ್ಲಿ ಎಷ್ಟಿವೆ? ಒಂದು ನಮ್ಮಪ್ಪನದು.

"ಮಾತಾಡಿಸಬೇಡ, ಸದ್ದು ಮಾಡಬೇಡ. ಮನುಷ್ಯರ ಭಯ ಹೋದ್ರೆ ಹೊರಗೆ ಬದುಕಲ್ಲ, ಒಸ್ಮಾರಿನಾ" ಅಂತಾರೆ ಡಾಕ್ಟರ್. ಭಯದಲ್ಲೇ ಸಾಯ್ತಾ ಇದೆಯಲ್ಲ ಇದು!

ನವೆಂಬರ್ 5
ಕುಡೀತು!!

ದೋಣಿ ಹುಟ್ಟು ತಗೊಂಡು ಅಂಚಿಗೆ ಮೂರು ಸಲ ತಟ್ಟಿದೆ. ಬೇಕೂಂತಲೇ. ಏಳು ವರ್ಷದವಳಿದ್ದಾಗ ಬೇಟೇಲಿ ನನ್ನ ಹುಟ್ಟು ದೋಣಿಗೆ ತಾಗಿತು ಅಂತ ಅಪ್ಪ ಕಪಾಳಕ್ಕೆ ಬಾರಿಸಿದ್ದ. ಮೀನೆತ್ತಿನ ಕಿವಿ ಬಲು ಚುರುಕು. ಬೇಟೆಗಾರ ತಟ್ಟೋದಿರಲಿ, ಕೆಮ್ಮೋದೂ ಇಲ್ಲ. ಅಂದಮೇಲೆ ತಟ್ಟೋ ದೋಣಿ ಬೇಟೆಗಾರನದಲ್ಲ. ಇದು ಅಷ್ಟು ಕಲಿತರೆ ಸಾಕು, ದಿನಾ ತಟ್ಟಿಯೇ ಹಾಲು ಕೊಡ್ತೀನಿ. ಡಾಕ್ಟರಿಗೆ ಹೇಳಲ್ಲ.

ಹೆಸರಿಟ್ಟೆ — ಮಿಂಗಾವ್. ಗಂಜಿ ಅಂತ. ಮೂತಿ ತುಂಬ ಹಾಲು.

ಜೂನ್ 20, 2015
ಮಿಂಗಾವನ್ನ ನೀರಿಗೆ ಬಿಟ್ಟೆವು. ಕಾಡೊಳಗೆಲ್ಲ ನೀರು, ಹುಲ್ಲು ಬೇಕಾದಷ್ಟು. ಬಾಲಕ್ಕೆ ರೇಡಿಯೋ ಬೆಲ್ಟ್. ತಿರುಗಿ ನೋಡಲಿಲ್ಲ ಮುಂಡೇದು.

ಅಪ್ಪನ ಮನೆಗೆ ಹೋದೆ. "ಆಶೀರ್ವಾದ ಮಾಡಪ್ಪ" — ಎಂದಿನ ಹಾಗೆ.

"ದೇವರು ಕಾಯ್ಲಿ. ಏನೇ, ಎಮ್ಮೆ ಬಾಣಂತನ ಮುಗೀತಾ?"

ಉರಿದುಹೋಯ್ತು. "ಅದು ನಿನ್ನ ಕೈಗೆ ಸಿಗಲ್ಲ ಬಿಡು. ದೋಣಿ ಮೂರು ಸಲ ತಟ್ಟಿದ್ರೆ ಮಾತ್ರ ಬರೋದು. ನೀನು ಸತ್ರೂ ತಟ್ಟಲ್ಲ."

ಹೊಗೆಸೊಪ್ಪು ಸುತ್ತುತ್ತಿದ್ದವನು ಕೈ ನಿಲ್ಲಿಸಿದ. "ಹೌದಾ?" ಅಂದ.

ಅಕ್ಟೋಬರ್ 11
ನೀರಿಳಿದಿದೆ. ಮೀನೆತ್ತುಗಳೆಲ್ಲ ಆಳದ ಸರೋವರಕ್ಕೆ ಹೊರಟಿವೆ. ಅಲ್ಲಿಗೆ ಹೋಗೋಕೆ ಇರೋದು ಒಂದೇ ಕಾಲುವೆ. ಮಿಂಗಾವ್ ಬೆಲ್ಟಿನ ಸಿಗ್ನಲ್ ಎರಡು ದಿನದಿಂದ ಒಂದೇ ಕಡೆ ನಿಂತಿದೆಯಂತೆ. "ಮಲಗಿರಬೇಕು" ಅಂದೆ ಡಾಕ್ಟರಿಗೆ.

ಅಕ್ಟೋಬರ್ 12. ಮಧ್ಯಾಹ್ನ
ಚರ್ಚಲ್ಲಿ ಕನ್ಯಾಮಾತೆಯ ಹಬ್ಬ. ಅಪ್ಪ ಊಟಕ್ಕೆ ಕರೆದಿದ್ದ. ಮರಗೆಣಸಿನ ಪುಡಿ, ಕೊಬ್ಬಲ್ಲಿ ಕರಿದ ಮಾಂಸ. "ಹಂದಿ" ಅಂದ. ಎರಡು ಸಲ ಹಾಕಿಸಿಕೊಂಡೆ. ಚೆನ್ನಾಗಿತ್ತು. ಇದನ್ನ ಬರೀಲೇಬೇಕು — ಚೆನ್ನಾಗಿತ್ತು.

ಕೈ ತೊಳೆಯೋಕೆ ಹಿಂದೆ ಹೋದೆ. ಕಟ್ಟೆ ಮೇಲೆ ಎರಡು ಮರದ ಬಿರಡೆ, ತೊಳೆದು ಒಣಗಿಸಿದ್ದು. ಮೀನೆತ್ತಿನ ಮೂಗಿನ ಹೊಳ್ಳೆಗೆ ಜಡಿದು ಉಸಿರು ಕಟ್ಟಿಸೋವು. ಪಕ್ಕದಲ್ಲಿ ಮಿಂಗಾವ್ ಬಾಲದ ಬೆಲ್ಟ್.

ಅಪ್ಪ ಬಾಗಿಲಲ್ಲಿ ನಿಂತಿದ್ದ. "ಅರವತ್ತು ವರ್ಷದಲ್ಲಿ ಇಷ್ಟು ಸುಲಭದ ಬೇಟೆ ಮಾಡಿಲ್ಲ ಕಣೇ. ತಟ್ಟಿದೆ, ಬಂತು. ಮೂತಿ ಎತ್ತಿ ಬಾಯಿ ತೆರೀತು, ಹಾಲು ಕೊಡು ಅಂತ."

ವಾಂತಿಯಾದರೂ ಆಗಬಾರದಿತ್ತಾ? ಅದೂ ಆಗಲಿಲ್ಲ. ಬೆಲ್ಟ್ ಎತ್ತಿಕೊಂಡು ಬಂದೆ.

ಅಕ್ಟೋಬರ್ 15
ಬೆಲ್ಟ್ ನೀರಲ್ಲಿ ಸಿಕ್ಕಿತು ಅಂತ ಕೊಟ್ಟೆ. ಯಾರ ಕೆಲಸ ಅಂತ ಡಾಕ್ಟರ್ ಕೇಳಿದರು. ಗೊತ್ತಿಲ್ಲ ಅಂದೆ. ಅಪ್ಪನ ಹೆಸರು ಹೇಳಿದ್ರೆ ತಟ್ಟಿದ ಕಥೆಯೂ ಹೊರಗೆ ಬರುತ್ತೆ. ಥೂ ನನ್ನ ಜನ್ಮಕ್ಕೆ.

ನವೆಂಬರ್ 9
ಅಪ್ಪನ ದೋಣಿ ಬಂತು. ಒದ್ದೆ ಗೋಣಿಯೊಳಗೆ ಒಂದು ಮರಿ. ಹೊಕ್ಕುಳಬಳ್ಳಿ ಇನ್ನೂ ಉದುರಿಲ್ಲ. "ತಾಯಿ ಬಲೆಗೆ ಸಿಕ್ಕಿ ಸತ್ತಿತ್ತಮ್ಮ" ಅಂದ, ಡಾಕ್ಟರ್ ಮುಂದೆ ಟೋಪಿ ತೆಗೆದು. ಅವರು ಕೈ ಮುಗಿಯೋದೊಂದು ಬಾಕಿ.

ಹೊರಡುವಾಗ ನನ್ನ ಕಿವಿ ಹತ್ತಿರ ಬಗ್ಗಿದ. "ಇದಕ್ಕೂ ಚೆನ್ನಾಗಿ ಕಲಿಸು ಮಗಳೇ. ನನ್ನ ತೋಳಲ್ಲಿ ಮೊದಲಿನ ಕಸುವಿಲ್ಲ."

ಆಶೀರ್ವಾದ ಕೇಳಲಿಲ್ಲ ನಾನು. ಅವನೇ ಕೊಟ್ಟು ಹೋದ.

ನವೆಂಬರ್ 14. ಬೆಳಗ್ಗೆ 6
ಬಾಟಲ್ ತೊಳೆದೆ. ಆರನೇ ದಿನ. ಬಾಯಿ ಬಿಟ್ಟಿಲ್ಲ. ಮೂಳೆ ಕಾಣ್ತಿದೆ. ಡಾಕ್ಟರ್ ಇಲ್ಲ ಅಂತ ತಲೆ ಅಲ್ಲಾಡಿಸಿ ಹೋದರು — ಸಂಜೆಗೆ ಉಳಿಯಲ್ಲ.

ಶಿಳ್ಳೆ ಹಾಕಿದೆ. ಹಾಡಿದೆ. ಕುಡಿಯೋ ಪಾಪಿ, ಕುಡಿಯೋ ಅಂತ ಬೇಡಿಕೊಂಡೆ. ಕೇಳಿಸಲೇ ಇಲ್ಲವೇನೋ ಅನ್ನೋ ಹಾಗೆ ಬಿದ್ದಿದೆ.

ಹುಟ್ಟು ಎತ್ತಿ ದೋಣಿಗೆ ಒಂದು ಸಲ ತಟ್ಟಿದೆ. ಕಣ್ಣು ಬಿಡ್ತು.

ಎರಡನೇ ಸಲ. ಮೂತಿ ಈ ಕಡೆ ತಿರುಗಿಸಿತು. ಇನ್ನೊಂದು —