ಹಗ್ಗದ ಆಚೆ ನಿಂತವನಿಗೆ

ಲಿಂಥಾಲ್
ಮೇ 5, ಸೋಮವಾರ

ಪ್ರೀತಿಯ ದುವಾರ್ತೆ,

ಮೂರು ತಿಂಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಕಾಗದವನ್ನಾದರೂ ಅಂಚೆಯವನ ಕೈಯಿಂದ ಇಸಿದುಕೊಳ್ಳಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅತ್ತೆಯವರ ಮುರಿದ ಸೊಂಟ ಈಸ್ಟರ್ ಹೊತ್ತಿಗೇ ಕೂಡಿಕೊಂಡಿದೆ, ಈಗ ಕೋಳಿಗಳ ಹಿಂದೆ ಓಡಾಡುತ್ತಿದ್ದಾರೆ ಎಂದು ನಿನ್ನ ತಂಗಿ ಲೂರ್ದೆಸ್ ಹೇಳಿದಳು. ಅಮ್ಮನನ್ನು ನೋಡಿಕೊಳ್ಳಲು ಪೋರ್ಚುಗಲ್‌ನಲ್ಲಿದ್ದೇನೆ ಎನ್ನುವ ನೆಪ ಇನ್ನು ನಡೆಯುವುದಿಲ್ಲ. ಕೋಪ ಬಂದಿದೆ ಎಂದೇ ಹೇಳು. ಅದಕ್ಕೆ ಕಾರಣ ನಾನೇ ಎಂದು ನನಗೂ ಗೊತ್ತು.

ನಿನ್ನೆ ಗ್ಲಾರುಸ್‌ನ ಚೌಕದಲ್ಲಿ ಮಹಾಸಭೆ ನಡೆಯಿತು, ಎಂದಿನಂತೆ ಬಯಲಲ್ಲೇ ನಿಂತು ಕೈ ಎತ್ತಿ ಕಾನೂನು ಮಾಡಿದೆವು. ನಿನ್ನ ಟ್ಯೂಬಾ ಕಹಳೆ ಇಲ್ಲದೆ ಬ್ಯಾಂಡು ಬೊಚ್ಚುಬಾಯಿಯವನ ಹಾಡಿನಂತಿತ್ತು, ಮೆರವಣಿಗೆಯಲ್ಲಿ ಮಂತ್ರಿಗಳ ಹೆಜ್ಜೆಗೆ ತಾಳವೇ ಸಿಗಲಿಲ್ಲ. ಇಪ್ಪತ್ತು ವರ್ಷ ನೀನು ಆ ಭಾರ ಹೊತ್ತು ಅವರನ್ನು ಸಭೆಯೊಳಕ್ಕೆ ಕರೆತಂದೆ. ಊದಿ ಮುಗಿಸಿದ ಮೇಲೆ, ಮತವಿದ್ದವರ ಸುತ್ತ ಕಟ್ಟಿದ ಹಗ್ಗ ದಾಟಿ ಹೊರಗೆ ಹೋಗಿ ಪ್ರವಾಸಿಗರ ನಡುವೆ ನಿಂತೆ. ಒಮ್ಮೆ ಯಾವಳೋ ಹುಡುಗಿ ನಿನ್ನ ಕೈಗೊಂದು ನಕ್ಷೆ ಕೊಟ್ಟು, ನಮ್ಮ ಕಣಿವೆಗೆ ಸ್ವಾಗತ ಎಂದಿದ್ದಳಲ್ಲ. ಅದೇ ಕಣಿವೆಯ ಜಲವಿದ್ಯುತ್ ಸುರಂಗ ಕೊರೆದವನು ನೀನು. ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕು ಎಂದರೆ, “ಸುರಂಗ ಕೊರೀವಾಗ ನಂಗೆ ಯಾರೂ ಪರೀಕ್ಷೆ ಇಡ್ಲಿಲ್ಲ, ಈಗ್ಯಾಕೆ” ಅನ್ನುತ್ತೀ. ಮೊಂಡುತನಕ್ಕೆ ಯಾವ ದೇಶದ ಪೌರತ್ವವೂ ಬೇಡ ಬಿಡು.

ಈ ಕಾಗದವನ್ನು ನೀನು ಲೂರ್ದೆಸ್‌ಗೂ ಓದಿ ಹೇಳುತ್ತೀಯ. ಅವಳಿಗೆ ಅರ್ಥವಾಗಲೆಂದು ಜನವರಿಯ ಕಥೆಯನ್ನು ಮೊದಲಿನಿಂದ ಬರೆಯುತ್ತೇನೆ, ನೀನು ಹಲ್ಲು ಕಡಿಯಬೇಡ. ನಮ್ಮ ಮಗಳು ಸಲೋಮೆ ಒಬ್ಬಳೇ ಸಹಿ ಹಾಕಿ ಶಾಸನಸಭೆಗೊಂದು ಮನವಿ ಕಳಿಸಿದಳು. ಇಪ್ಪತ್ತು ವರ್ಷ ಬಿಡದೆ ಇಲ್ಲಿ ಬಾಳಿದವರು, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ, ಹಗ್ಗದೊಳಗೆ ನಿಂತು ಮತ ಹಾಕುವಂತೆ ಸಂವಿಧಾನವನ್ನು ತಿದ್ದಬೇಕು ಎಂದು. ಅರವತ್ತು ಸದಸ್ಯರಲ್ಲಿ ಹತ್ತು ಜನ ಕೈ ಎತ್ತಿದರೆ ಸಾಕು, ಅಂಥ ಮನವಿಯನ್ನು ತೂಕದ ವಿಷಯವೆಂದು ಒಪ್ಪಿ ಮಹಾಸಭೆಯ ಮತಕ್ಕೆ ಸಿದ್ಧಪಡಿಸುತ್ತೇವೆ. ಒಂಬತ್ತು ಕೈ ಎದ್ದವು. ನಾನೂ ಸದಸ್ಯೆಯೇ, ಹತ್ತನೆಯದು ನನ್ನದಾಗಬೇಕಿತ್ತು. ನಾನು ಕನ್ನಡಕ ಒರೆಸುತ್ತಾ ಕೂತಿದ್ದೆ.

ಹಾಗಾಗಿ ಮಗಳ ಮನವಿ ಪಕ್ಕದ ಗಾಡಿಗೆ ಬಿತ್ತು. ಮಹಾಸಭೆಗೆಂದು ಮನೆಮನೆಗೂ ಹೋಗುವ ಪುಸ್ತಿಕೆಯ ಕೊನೆಯ ಪುಟಗಳಿಗೆ ನಾವು ಇಟ್ಟ ಹೆಸರು ಅದು. ತಳ್ಳಿಹಾಕಿದ ಮನವಿಗಳೆಲ್ಲ ಅಲ್ಲಿ ಕೂತಿರುತ್ತವೆ. ಸಭೆಯ ದಿನ ಯಾರಾದರೂ ಎದ್ದು ಪರವಾಗಿ ಮಾತಾಡಿದರೆ ಉಂಟು, ಇಲ್ಲವಾದರೆ ಅಲ್ಲೇ ಸಮಾಧಿ. ಮಗಳ ಮನವಿಗೆ ತಾಯಿಯೇ ಕೈ ಎತ್ತಿದರೆ ಜನ ಆಡಿಕೊಳ್ಳುತ್ತಾರೆ ಎಂದು ಹೆದರಿದೆ ಅಂತ ನಿನಗೆ ಹೇಳಿದ್ದೆ. ಫೆಬ್ರವರಿ ಹತ್ತಕ್ಕೆ ನೀನು ಅಮ್ಮನ ಸೊಂಟದ ನೆಪ ಹೇಳಿ ಪೆಟ್ಟಿಗೆ ಕಟ್ಟಿದೆ. ಸಲೋಮೆಯೂ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು.

ನಿನ್ನೆ ಮಧ್ಯಾಹ್ನದ ಹೊತ್ತಿಗೆ ಪಕ್ಕದ ಗಾಡಿಯ ಸರದಿ ಬಂತು. ಜನರ ಮನಸ್ಸೆಲ್ಲ ಆಗಲೇ ಸಾಸೇಜಿನ ಮೇಲಿತ್ತು. ಸಲೋಮೆ ಭಾಷಣದ ಚೀಟಿ ಹಿಡಿದು ವೇದಿಕೆಯತ್ತ ಹೊರಟಳು. ನನಗೇನಾಯಿತೋ ಗೊತ್ತಿಲ್ಲ, ಮೊಣಕೈಯಿಂದ ಅವಳನ್ನು ಪಕ್ಕಕ್ಕೆ ಸರಿಸಿ ನಾನೇ ಮೊದಲು ಹತ್ತಿಬಿಟ್ಟೆ. ಹನ್ನೊಂದು ವರ್ಷದಿಂದ ಸದಸ್ಯೆಯಾಗಿದ್ದರೂ ಆ ವೇದಿಕೆಯ ಮೇಲೆ ಒಮ್ಮೆಯೂ ಬಾಯಿ ಬಿಟ್ಟವಳಲ್ಲ.

“ಜನವರೀಲಿ ಒಂದು ಕೈ ಕಡಿಮೆ ಬಿತ್ತು. ಆ ಕೈ ಇದೇ” ಎಂದು ಬಲಗೈ ಎತ್ತಿ ತೋರಿಸಿದೆ. “ನನ್ನ ಗಂಡ ನಿಮ್ಮನ್ನೆಲ್ಲ ಊದ್ಕೊಂಡು ಒಳಗೆ ಕರ್ಕೊಂಡ್ ಬರ್ತಾನೆ. ಆಮೇಲೆ ನಾವು ಅವನನ್ನೇ ಆಚೆ ಕಳಿಸ್ತೀವಿ. ನಾಚಿಕೆ ಆಗ್ಬೇಕು, ಮೊದಲು ನಂಗೆ.”

ಎಲ್ಲಿಂದಲೋ ನಗು, ಆಮೇಲೆ ಒಂದಿಷ್ಟು ಚಪ್ಪಾಳೆ. ಚಪ್ಪಾಳೆ ಹೊಡೆಯಬಾರದು ಎಂದು ಅಧ್ಯಕ್ಷರು ಗದರಿದರು. ನನ್ನ ಹಿಂದೆಯೇ ಕಟುಕ ಯೋಸ್ಟ್ ಹತ್ತಿದ, ನಿನ್ನ ಇಸ್ಪೀಟಿನ ಜೊತೆಗಾರ. ನೀನು ಬಹಳ ಒಳ್ಳೆಯವನಂತೆ, ಆದರೂ ಎರಡು ದೋಣಿಯಲ್ಲಿ ಕಾಲಿಟ್ಟವರಿಗೆ ಇಲ್ಲಿ ಮತ ಯಾಕೆ ಎಂದು ಕೇಳಿದ. ನಿನಗೆ ದೋಣಿ ಕಂಡರೇ ವಾಂತಿ ಬರುತ್ತದೆ ಎಂದು ಪಾಪ ಅವನಿಗೇನು ಗೊತ್ತು.

ಅಷ್ಟರಲ್ಲಿ ಮುಂದಿನ ಬೆಂಚಿನಿಂದ ನಮ್ಮಮ್ಮ ಕೋಲು ಊರಿಕೊಂಡು ಎದ್ದರು. ಎಂಬತ್ತಾರು ವಯಸ್ಸು, ಮೈಕಿನ ಹಂಗೇ ಇಲ್ಲ. “ಯೋಸ್ಟ್, ಎಪ್ಪತ್ತೊಂದರಲ್ಲಿ ಹೆಂಗಸರಿಗೆ ಮತ ಕೊಡೋವಾಗ ನಿಮ್ಮಪ್ಪನೂ ಇಂಥದ್ದೇ ಏನೋ ಗಾದೆ ಹೇಳಿದ್ದ. ನಾನೂ ಅಲ್ಲೀವರೆಗೆ ಆ ಹಗ್ಗದ ಆಚೆನೇ ನಿಂತಿದ್ದೆ. ನಾವು ಒಳಗೆ ಬಂದ್ಮೇಲೆ ಯಾವ ಬೆಟ್ಟ ಬಿತ್ತು ಹೇಳಪ್ಪ.” ಅನುಮತಿ ಇಲ್ಲದೆ ಮಾತಾಡಬಾರದು ಎಂದು ಅಧ್ಯಕ್ಷರು ಅವರಿಗೂ ಹೇಳಿದರು, ಆದರೆ ಮುಖದ ತುಂಬ ನಗು. ಯೋಸ್ಟ್ ಕಿವಿಯವರೆಗೂ ಕೆಂಪಾಗಿ ಇಳಿದುಹೋದ.

ಮತಕ್ಕೆ ಹಾಕಿದರು. ಪರವಾಗಿ ಮತಚೀಟಿ ಹಿಡಿದ ಕೈಗಳು ಎದ್ದವು, ವಿರುದ್ಧವಾಗಿಯೂ ಎದ್ದವು. ನಮ್ಮಲ್ಲಿ ಎಣಿಸುವ ಪದ್ಧತಿಯಿಲ್ಲ, ಅಧ್ಯಕ್ಷರ ಕಣ್ಣಳತೆಯೇ ತೀರ್ಪು. ಅವರು ಒಮ್ಮೆ ನೋಡಿದರು, ಮತ್ತೊಮ್ಮೆ ಎತ್ತಿಸಿದರು, ಕೊನೆಗೆ ನಾಲ್ಕು ಮಂತ್ರಿಗಳನ್ನು ಪಕ್ಕಕ್ಕೆ ಕರೆದು ಮೂರನೇ ಸಲ ಎತ್ತಿಸಿದರು. ಆ ಐದು ಜನ ಪಿಸುಗುಟ್ಟುತ್ತಿದ್ದಷ್ಟು ಹೊತ್ತು ಸಲೋಮೆ ನನ್ನ ತೋಳು ಹಿಡಿದಿದ್ದಳು. ಹಿಡಿದಿದ್ದು ಅವಳಿಗೇ ಗೊತ್ತಿರಲಿಲ್ಲ.

ನಾವು ಗೆದ್ದೆವು, ದುವಾರ್ತೆ. ನಿನಗೆ ಮತ ಸಿಕ್ಕಿತು ಎಂದಲ್ಲ, ಆತುರಪಡಬೇಡ. ಮನವಿ ಪಕ್ಕದ ಗಾಡಿಯಿಂದ ಇಳಿಯಿತು, ಅಷ್ಟೆ. ಶಾಸನಸಭೆ ಈಗ ತಿದ್ದುಪಡಿಯನ್ನು ಬರೆಯಲೇಬೇಕು, ಎರಡು ಸಲ ಚರ್ಚಿಸಲೇಬೇಕು, ಮುಂದಿನ ಮೇ ತಿಂಗಳಲ್ಲಿ ಜನ ಹೌದು ಅಥವಾ ಇಲ್ಲ ಎನ್ನುತ್ತಾರೆ. ಈ ಸಲ ಶಾಸನಸಭೆಯಲ್ಲಿ ಮೊದಲು ಏಳುವ ಕೈ ನನ್ನದು.

ಆಮೇಲೆ ಸಾಸೇಜು, ಆಲೂಗಡ್ಡೆ, ಒಣಪ್ಲಮ್ಮು. ಯೋಸ್ಟ್ ತಾನೇ ಬಡಿಸಿದ, ಅಮ್ಮನಿಗೆ ಎರಡು ಹಾಕಿದ. ಸಲೋಮೆ ಮೂರು ತಿಂಗಳ ಮೇಲೆ ನನ್ನ ಜೊತೆ ಮಾತಾಡಿದಳು. ಪಕ್ಕೆಲುಬು ಇನ್ನೂ ನೋಯುತ್ತಿದೆ, ಇಷ್ಟು ಚೂಪು ಮೊಣಕೈ ಇಟ್ಟುಕೊಂಡು ಜನವರಿಯಲ್ಲಿ ಎತ್ತಲು ಏನಾಗಿತ್ತು ಎಂದಳು. ನಾನು ಅತ್ತುಬಿಟ್ಟೆ, ಅವಳು ನಕ್ಕಳು.

ಈಗ ಕೆಲಸದ ಮಾತು. ಆಗಸ್ಟ್ ಹತ್ತಕ್ಕೆ ನೀನು ಹೋಗಿ ಆರು ತಿಂಗಳಾಗುತ್ತದೆ. ಅದು ದಾಟಿದರೆ ನಿನ್ನ ವಾಸದ ಪರವಾನಗಿ ರದ್ದು, ಇಪ್ಪತ್ತೆಂಟು ವರ್ಷವೂ ನೀರಿನಲ್ಲಿ ಹೋಮ. ಯಾರಿಗಾಗಿ ಇಷ್ಟೆಲ್ಲ ಮಾಡಿದೆವೋ ಅವನೇ ಒಂದನೇ ವರ್ಷದಿಂದ ಎಣಿಸಲು ಶುರು ಮಾಡಬೇಕಾಗುತ್ತದೆ. ನಾನು ತಪ್ಪು ಮಾಡಿದೆ. ಐದು ಸಾವಿರ ಜನರ ಮುಂದೆ ಹೇಳಿದ್ದನ್ನು ನಿನಗೂ ಹೇಳುತ್ತಿದ್ದೇನೆ, ಕ್ಷಮಿಸು.

ಅತ್ತೆಯವರಿಗೆ ನಮಸ್ಕಾರ, ಕೋಳಿಗಳಿಗೂ.

ನಿನ್ನ ದಾರಿ ಕಾಯುತ್ತಿರುವ,
ಆಫ್ರಾ

ಮರೆತಿದ್ದು: ಇದನ್ನು ಲೂರ್ದೆಸ್‌ಗೆ ಓದಬೇಡ. ಜನ ಆಡಿಕೊಳ್ಳುತ್ತಾರೆ ಎಂದಿದ್ದು ಸುಳ್ಳು. ಜನಕ್ಕೆ ನಾನು ಯಾವತ್ತು ಹೆದರಿದ್ದೇನೆ? ಹೆದರಿದ್ದು ನಿನಗೆ. ಮನೆಯಲ್ಲಿ ನಾನು ಕಿಟಕಿ ತೆರೆದರೆ ನೀನು ಮುಚ್ಚುತ್ತೀ, ನಾನು ಹೌದು ಎಂದರೆ ನೀನು ಇಲ್ಲ ಎನ್ನುತ್ತೀ. ವರ್ಷಕ್ಕೊಂದು ದಿನ, ಆ ಹಗ್ಗದೊಳಗೆ ಮಾತ್ರ, ನನ್ನ ಕೈಗೆ ಎದುರಾಗಿ ನಿನ್ನ ಕೈ ಇರುತ್ತಿರಲಿಲ್ಲ. ನಿನಗೂ ಮತ ಬಂದರೆ ಅದೊಂದು ಸುಖ ಕೈತಪ್ಪುತ್ತದೆ ಎಂದು ಜನವರಿಯಲ್ಲಿ ಸುಮ್ಮನೆ ಕೂತೆ. ಈ ಮೂರು ತಿಂಗಳು ಕಿಟಕಿ ನಾನು ತೆರೆದಿಟ್ಟ ಹಾಗೆಯೇ ಇದೆ, ಮನೆ ತುಂಬ ಚಳಿ. ಬಂದುಬಿಡು. ಹಕ್ಕು ಸಿಕ್ಕ ದಿನ ನನ್ನ ವಿರುದ್ಧವೇ ಕೈ ಎತ್ತು, ಆದರೆ ನನ್ನ ಪಕ್ಕದಲ್ಲಿ ನಿಂತು ಎತ್ತು.