ಲಿಫ್ಟಿನ ನೆತ್ತಿಯ ಮೇಲೆ

ಜೂನ್ 3

ಇವತ್ತು ಏಳಂತಸ್ತಿನ ಕಟ್ಟಡದ ಲಿಫ್ಟ್ ಸರ್ವೀಸ್. ಬ್ರೇಕ್ ಸರಿಯಿದೆ. ಕ್ಯಾಬಿನ್ನಿನ ಮೇಲಿನ ಧೂಳಿನಲ್ಲಿ ಚಪ್ಪಲಿ ಗುರುತು — ನನ್ನದಲ್ಲ, ಸಣ್ಣ ಪಾದ. ವಾಚ್‌ಮನ್‌ನ ಕೇಳಿದೆ.

“ಆರನೇ ಮಹಡಿ ಟ್ಯೂಷನ್ ಮಕ್ಕಳು ಸಾರ್. ಲಿಫ್ಟ್ ಮೇಲೆ ನಿಂತ್ಕೊಂಡು ಹೋಗೋದಂತೆ, ವಿಡಿಯೋ ಮಾಡೋದಂತೆ!”

ತಲೆ ಮೇಲಿನ ಸ್ಲ್ಯಾಬಿಗೆ ಬಡಿದರೆ ಕಥೆ ಮುಗಿಯಿತು. ನಮ್ಮ ಪುಟ್ಟಿಯೂ ಅಲ್ಲಿಗೇ ಟ್ಯೂಷನ್‌ಗೆ ಹೋಗುವುದು. ಛೆ, ಜಿರಲೆ ಕಂಡರೆ ಕುರ್ಚಿ ಹತ್ತುವವಳು ಅವಳು.

ಜೂನ್ 4

ಪುಟ್ಟಿಯ ಪ್ಯಾಂಟಿನ ತುದಿಯಲ್ಲಿ ಗ್ರೀಸ್. “ನಿಮ್ಮ ಬಟ್ಟೆ ಜೊತೆ ಹಾಕ್ಬೇಡಿ ಅಂದ್ರೆ ಕೇಳಲ್ಲ” ಎಂದು ಹೆಂಡತಿ ನನಗೇ ಬೈದಳು. ಓಡಿ ಹೋಗಿ ಬ್ಯಾಗು ತಡಕಾಡಿದೆ. ಲಿಫ್ಟ್ ಬಾಗಿಲು ತೆಗೆಯುವ ಕೀಲಿ ನನ್ನ ಬ್ಯಾಗಿನಲ್ಲಿ ಇಟ್ಟ ಜಾಗದಲ್ಲಿರಲಿಲ್ಲ.

ಪುಟ್ಟಿಯ ರೂಮಿಗೆ ಹೋಗಿ ಕೇಳಿದೆ. ಗೋಳೋ ಅಂತ ಅತ್ತಳು.

“ಭಯ ಆಗಲ್ವೇನೇ?”

“ಆಗುತ್ತಪ್ಪ. ಒಬ್ಳೇ ಇದ್ರೆ ಹತ್ರಾನೂ ಹೋಗಲ್ಲ. ಅವರೆಲ್ಲ ನೋಡ್ತಿರುವಾಗ ಬೇಡ ಅನ್ನೋಕೆ ಬಾಯೇ ಬರಲ್ಲ. ಮೊದ್ಲು ನನ್ನ ಯಾರೂ ಮಾತಾಡಿಸ್ತಾನೇ ಇರ್ಲಿಲ್ಲ, ಗೊತ್ತಾ?”

ಕೀಲಿ ವಾಪಸ್ ಕೊಟ್ಟು, ಇನ್ನು ಹೋಗಲ್ಲ ಎಂದು ಆಣೆ ಮಾಡಿದಳು. ನಾನು ಅದನ್ನು ಬಚ್ಚಿಡಲಿಲ್ಲ, ಬ್ಯಾಗಿನಲ್ಲೇ ಇಟ್ಟೆ. ನಂಬಿದ್ದೇನೆ ಅಂತ ಗೊತ್ತಾಗಲಿ.

ಜೂನ್ 8, ಸಂಜೆ 4

ಕೀಲಿ ಇಲ್ಲ. ನಂಬಿ ಕೆಟ್ಟೆ.

ಕೂಗಾಡಿದರೆ ಮತ್ತೆ ಆಣೆ, ಮತ್ತೆ ಕಳ್ಳತನ. ಎಲ್ಲರನ್ನೂ ಒಟ್ಟಿಗೆ ಹಿಡಿಯಬೇಕು. ಅದೇ ಕಟ್ಟಡದ ಟೆರೇಸಿನ ಮೆಷಿನ್ ರೂಮಿನಲ್ಲಿ ಕೂತಿದ್ದೇನೆ. ಲಿಫ್ಟನ್ನು ತಳಕ್ಕೆ ಇಳಿಸಿ ಮೇನ್ ಸ್ವಿಚ್ ಆಫ್ ಮಾಡಿದ್ದಾಯಿತು. ಅಲ್ಲಾಡದ ಲಿಫ್ಟ್ ಇಟ್ಟುಕೊಂಡು ಏನು ಮಾಡಿಯಾರು? ಆದರೂ ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ.

4.40

ಬಂದರು. ಕೇಬಲ್ ಇಳಿಯುವ ಕಿಂಡಿಯಿಂದ ಮಾತೆಲ್ಲ ಕೇಳಿಸುತ್ತಿದೆ. ಆರನೇ ಮಹಡಿಯ ಬಾಗಿಲು ತೆರೆದರು.

“ಕರೆಂಟಿಲ್ಲ ಕಣ್ರೋ. ಲಿಫ್ಟ್ ಕೆಳಗಿದೆ.”

ಸದ್ಯ! ಇನ್ನು ಹೊರಡುತ್ತಾರೆ. ಮೆಟ್ಟಿಲಲ್ಲೇ ಹಿಡಿಯುತ್ತೇನೆ.

ಇಲ್ಲ… ಯಾರೋ ಹುಡುಗ — “ಹಾಗಾದ್ರೆ ಕೇಬಲ್ ಹಿಡ್ಕೊಂಡು ಇಳಿಯೋದು. ಯಾರಿಗಿದೆ ಧಮ್?”

ನಗು.

“ನಾನು.”

ಪುಟ್ಟಿ.

ಆರು ಮಹಡಿ ಆಳ. ಮೇನ್ ಆಫ್ ಮಾಡಿದವನು ನಾನು. ಕೂಗಿದರೆ ಬೆಚ್ಚಿ ಜಾರಿಬಿದ್ದಾಳು. ಕೂಗದಿದ್ದರೆ… ಓಡಿದರೆ ಎರಡು ಸುತ್ತು ಮೆಟ್ಟಿಲು. ಕೆಳಗೆ ಎಲ್ಲರೂ ಸೇರಿ ಎಣಿಸತೊಡಗಿದ್ದಾರೆ — ಒಂದು, ಎರಡು — ದೇವರೇ, ನನ್ನೆದುರಿನ ಕೇಬಲ್ ಅಲುಗಿತು—