ಮರಳಿನಲ್ಲಿ ನಾಲ್ಕನೆಯವನು

ಡೊಂಬಿವಲಿ ಪೂರ್ವ
17 ಫೆಬ್ರವರಿ 2025

ಪ್ರೀತಿಯ ಕಿಟ್ಟಣ್ಣನಿಗೆ ಲೋಕನಾಥನ ನಮಸ್ಕಾರಗಳು.

ನಿನ್ನ ಸಂಕ್ರಾಂತಿಯ ಕಾಗದಕ್ಕೆ ತಿಂಗಳು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನು ಮಾಡೋಣವೆಂದರೆ ಈಚೆಗೆ ನಿನಗೆ ಕಿವಿ ಕೇಳುವುದಿಲ್ಲ, ನಾನು ಕಿರುಚಿದರೆ ಪಕ್ಕದ ಫ್ಲ್ಯಾಟಿನ ಸೋನಾಲಿ ಬಾಗಿಲು ಬಡಿದು “ಕಾಕಾ, ಸಬ್ ಠೀಕ್ ಹೈ ನಾ?” ಅನ್ನುತ್ತಾಳೆ. ನೀನಂತೂ ನಮ್ಮ ಮನೆ ಕಡೆ ಮುಖ ಹಾಕದೆ ಹತ್ತಿರಹತ್ತಿರ ಒಂದು ವರ್ಷವಾಯಿತು. ಈ ಸಲ ನೀನು ಬರಲೇಬೇಕು, ಅದಕ್ಕೇ ಈ ಕಾಗದ. ಯಾಕೆಂದು ಮುಂದೆ ಹೇಳುತ್ತೇನೆ.

ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ನಾನು ಊರಲ್ಲೇ ಇರಲಿಲ್ಲ. ಜೈಸಲ್ಮೇರಿಗೆ ಹೋಗಿದ್ದೆ! ಹೋಟೆಲಿನ ಅಡುಗೆಮನೆಯ ಕಿಟಕಿಯಿಂದ ಲೋಕಲ್ ರೈಲು ನೋಡುತ್ತ ಆಯುಷ್ಯ ಕಳೆದವನು ಮರುಭೂಮಿ ನೋಡಿ ಬಂದೆ. ಅಂದಹಾಗೆ ಡೆಸರ್ಟ್ ಎನ್ನುವುದಕ್ಕೆ ಎಸ್ ಒಂದೋ ಎರಡೋ? ನಮ್ಮ ಮೆನು ಕಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಗುಲಾಬ್ ಜಾಮೂನು, ಫ್ರೂಟ್ ಸಲಾಡು ಎಲ್ಲ ಮರುಭೂಮಿ ಎಂಬ ತಲೆಬರಹದ ಕೆಳಗೇ ಇದ್ದವಂತೆ. ರೈಲಿನಲ್ಲಿ ಪೂಜಿತಾ ಹೇಳಿ ಹೇಳಿ ನಕ್ಕಳು. ನಾನು ಬಿ.ಎ.ವರೆಗೆ ಇಂಗ್ಲಿಷ್ ಓದಿದ್ದಕ್ಕೆ ಇಷ್ಟು ಮರ್ಯಾದೆ ನೋಡು.

ಹೋದದ್ದು ಅವಳ ಕೆಲಸಕ್ಕೆ. ನನ್ನ ಮಗಳು ಈಗ ಬರೀ ಮದುವೆ ಫೋಟೊದವಳಲ್ಲ ಮಾರಾಯ. ಅವಳು ತೆಗೆದ ಮರುಭೂಮಿಯ ಚಿತ್ರಗಳ ಪ್ರದರ್ಶನ ಠಾಣೆ ಶಹರದಲ್ಲಿ ನಡೆಯುತ್ತಿದೆ. ಗ್ಯಾಲರಿಯ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ‘ಪೂಜಿತಾ ಲೋಕನಾಥ್’ ಎಂದಿದೆ. ಮದುವೆಯಾಗಿ ಆರು ವರ್ಷವಾದರೂ ನನ್ನ ಹೆಸರು ಬಿಟ್ಟಿಲ್ಲ. ನೀರು ಕುಡಿಯುವ ನೆಪ ಮಾಡಿ ನಾನು ಎರಡು ಸಲ ಹೊರಗೆ ಹೋಗಿ ಓದಿ ಬಂದೆ.

ಅಳಿಯ ಅಂಬರೀಶನೂ ಜೊತೆಗಿದ್ದ. ಅವನದು ಸಾಮಾನು ಹೊರುವ ಕೆಲಸ, ನನ್ನದು ರಿಫ್ಲೆಕ್ಟರ್ ಹಿಡಿಯುವುದು. ಅದೊಂದು ಹೋಟೆಲಿನ ದೊಡ್ಡ ಹರಿವಾಣದಷ್ಟು ಅಗಲದ, ಬಂಗಾರದ ಬಣ್ಣದ ಬಟ್ಟೆ ಬಿಗಿದ ತಟ್ಟೆ. ಬಿಸಿಲನ್ನು ಹಿಡಿದು ಎದುರಿನವರ ಮುಖಕ್ಕೆ ತಿರುಗಿಸಬೇಕು. ದೋಸೆಕಲ್ಲಿನ ಮುಂದೆ ಪಳಗಿದ ಕೈ, ಒಂದಿಷ್ಟೂ ಅಲುಗಲಿಲ್ಲ. “ಪಪ್ಪಾ, ತುಝಾ ಹಾತ್ ಎಕ್ದಮ್ ಸ್ಟೆಡಿ ಆಹೇ!” ಎಂದು ಮಗಳು ಎಲ್ಲರೆದುರು ಹೇಳಿದಳು. ಇಂಥ ಸರ್ಟಿಫಿಕೇಟು ನನಗೆ ಯಾವ ಕಾಲೇಜೂ ಕೊಟ್ಟಿರಲಿಲ್ಲ.

ಇಡೀ ಊರೇ ಹಳದಿ ಕಲ್ಲು, ಕಿಟ್ಟಣ್ಣ. ಮಧ್ಯಾಹ್ನ ನೋಡಿದರೆ ಮಂಕು. ಸಂಜೆ ಐದೂವರೆಗೆ ಕೋಟೆಯೆಲ್ಲ ತುಪ್ಪ ಬಿಟ್ಟ ಶಿರಾದ ಬಣ್ಣಕ್ಕೆ ತಿರುಗುತ್ತದೆ. ಕೋಟೆಯೊಳಗೆ ಜನ ಈಗಲೂ ಸಂಸಾರ ಮಾಡಿಕೊಂಡಿದ್ದಾರೆ. ಗಲ್ಲಿಯಲ್ಲಿ ಕುಕ್ಕರಿನ ಸೀಟಿ ಕೇಳುತ್ತದೆ. ಪೂಜಿತಾ ಥಟ್ಟನೆ ಕ್ಯಾಮೆರಾ ಎತ್ತುವವಳಲ್ಲ. ಒಬ್ಬ ಮುದುಕಿ ಹೊಸ್ತಿಲಲ್ಲಿ ಸಜ್ಜೆ ಆರಿಸುತ್ತಿದ್ದಳು. ಇವಳೂ ಹೋಗಿ ಪಕ್ಕ ಕೂತು, ಒಂದು ಮೊರ ಆರಿಸಿಕೊಟ್ಟು, ಚಾ ಕುಡಿದು, ಅವಳ ಸೊಸೆಯ ದೂರು ಕೇಳಿ, ಆಮೇಲೆ ಬ್ಯಾಗು ತೆರೆದಳು. ಆ ಮುಖ ಈಗ ಠಾಣೆಯ ಗೋಡೆಯ ಮೇಲಿದೆ. ಆ ಬೆಳಕು ನಾನು ಹಿಡಿದದ್ದು.

ಮೂರನೆಯ ಸಂಜೆ ಮರಳುದಿಬ್ಬಕ್ಕೆ ಹೋದೆವು. ಮರಳೆಂದರೆ ಹುರಿದ ರವೆಯ ಹಾಗೆ, ಮುಟ್ಟಿದರೆ ಜಾರುತ್ತದೆ. ಲೆನ್ಸಿಗೆ ಹೊಕ್ಕರೆ ಕೆಲಸ ಕೆಟ್ಟಿತು. ನನ್ನ ಶಾಲು ಮುಸುಕು ಹಾಕಿಕೊಂಡು ಅದರೊಳಗೇ ಲೆನ್ಸ್ ಬದಲಿಸಿದಳು. ಸೂರ್ಯ ಕೆಳಗಿಳಿದಾಗ ಸ್ಟ್ಯಾಂಡು ನಿಲ್ಲಿಸಿ, “ಪಪ್ಪಾ, ಇವತ್ತು ನಾವು ಮೂವರೇ. ಟೈಮರ್ ಇಟ್ಟಿದ್ದೇನೆ, ದಸ್ ಸೆಕೆಂಡ್. ಅಲ್ಲಾಡಬೇಡಿ, ಪ್ಲೀಸ್,” ಅಂದಳು.

ಮೂವರು! ನಮ್ಮ ಮನೆಯ ಕಟ್ಟಳೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂವರೇ ನಿಂತು ಫೋಟೊ ತೆಗೆಸಬಾರದು, ಒಬ್ಬರಿಗೆ ಕೆಡುಕು ಎಂದು ಅಮ್ಮ ನನ್ನ ತಲೆಯಲ್ಲಿ ತುಂಬಿದ್ದು. ನಾನು, ಪುಷ್ಪಾವತಿ, ಪೂಜಿತಾ, ನಾವಿದ್ದದ್ದೇ ಮೂವರು. ಅದಕ್ಕೇ ಮಗಳ ಮೊದಲ ಹುಟ್ಟುಹಬ್ಬದಿಂದ ಡಿಗ್ರಿಯವರೆಗೆ ಪ್ರತಿ ಫೋಟೊದ ಎಡಗಡೆ ನೀನು. ಅವಳ ಗೆಳತಿಯರು ನಿನ್ನನ್ನು ಸ್ವಂತ ದೊಡ್ಡಪ್ಪ ಎಂದೇ ತಿಳಿದಿದ್ದರು.

“ಮಾವಾರ, ಸುಮ್ನ ನಿಂದರ್ರಿ, ಏನೂ ಆಗಂಗಿಲ್ಲ,” ಅಂದ ಅಂಬರೀಶ. ಹುಬ್ಬಳ್ಳಿಯವನು, ಧೈರ್ಯ ಜಾಸ್ತಿ. ಕ್ಯಾಮೆರಾದ ಕೆಂಪು ದೀಪ ಮಿಣುಕತೊಡಗಿತು. ಆರರವರೆಗೆ ಎಣಿಸಿದೆ. ಆಮೇಲೆ ಕಾಲು ನನ್ನ ಮಾತು ಕೇಳಲಿಲ್ಲ. ಒಂಟೆಯವನು, ಮುರಾರಿ ಅಂತ ಹೆಸರು, ಅಲ್ಲೇ ಬೀಡಿ ಸೇದುತ್ತಿದ್ದ. “ಭಾಯಿ, ಆವೋ, ಜಲ್ದಿ ಆವೋ!” ಎಂದು ಓಡಿದೆ. ಅವನು ಬಂದ, ಆದರೆ ಕೈಯಲ್ಲಿದ್ದ ಹಗ್ಗ ಬಿಡಲಿಲ್ಲ; ಒಂಟೆಯೂ ಬಂತು.

“ಒಂಟಿ ಸೇರಿ ಐದ್ ಮಂದಿ ಆದ್ವಿ, ಮಾವಾರ. ಇನ್ನ ಯಾರಿಗೂ ಕೆಡಕಿಲ್ಲ ಬಿಡ್ರಿ,” ಎಂದು ಅಂಬರೀಶ ಹೊಟ್ಟೆ ಹಿಡಿದುಕೊಂಡು ನಕ್ಕ. ಪೂಜಿತಾ ನಗಲಿಲ್ಲ. ಕ್ಯಾಮೆರಾದ ಪರದೆ ನೋಡಿ, “ಇಲ್ಲೂನಾ, ಪಪ್ಪಾ?” ಅಂದಳು, ಅಷ್ಟೇ. ಮರುದಿನ ಮಧ್ಯಾಹ್ನದವರೆಗೆ ರಿಫ್ಲೆಕ್ಟರನ್ನು ಅಂಬರೀಶನ ಕೈಗೇ ಕೊಟ್ಟಳು.

ಈಗ ಠಾಣೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ತೂಗುಹಾಕಿದ್ದು ಅದನ್ನೇ! ಒಂದು ಚಪ್ಪಲಿ ಗಾಳಿಯಲ್ಲಿ, ಕೈ ಚಾಚಿಕೊಂಡು ಓಡುತ್ತಿರುವ ನಾನು, ಅಂಚಿನಲ್ಲಿ ಒಂಟೆಯ ಮೂತಿ. ಮಗಳು ಅಳಿಯ ಪಕ್ಕಕ್ಕೆ ತಿರುಗಿ ನಾನಿರಬೇಕಾದ ಜಾಗ ನೋಡುತ್ತಿದ್ದಾರೆ, ಅಲ್ಲಿ ಬರೀ ಮರಳು. ಯಾರೋ ದೊಡ್ಡ ಹೆಂಗಸು ಬಂದು “ಹೂ ಇಸ್ ದಿಸ್ ಜೆಂಟಲ್‌ಮನ್?” ಎಂದು ಕೇಳಿದರು. ನಾನೇ ಮುಂದೆ ಹೋಗಿ, “ಮ್ಯಾಡಮ್, ಐ ಆಮ್ ದಿ ಫಾದರ್, ಆಲ್ಸೋ ಲೈಟಿಂಗ್ ಡಿಪಾರ್ಟ್‌ಮೆಂಟ್,” ಎಂದೆ. ಕೈ ಕುಲುಕಿದರು.

ಯಾಕಮ್ಮ ಇದನ್ನೇ ಹಾಕಿದಿ ಎಂದು ಕೇಳಿದ್ದಕ್ಕೆ ಪೂಜಿತಾ, “ಇದರಲ್ಲಿ ನೀವು ಹೇಗಿದ್ದೀರೋ ಹಾಗೇ ಬಂದಿದ್ದೀರಿ,” ಅಂದಳು. ಹೊಗಳಿದಳೋ ಬೈದಳೋ, ಮುಖ ನೋಡಿದರೆ ತಿಳಿಯಲಿಲ್ಲ. ಆಗಲೇ ಹೇಳಿಬಿಟ್ಟೆ: ಭಾನುವಾರ ಕೊನೆಯ ದಿನ, ಈ ಚಿತ್ರದ ಮುಂದೆಯೇ ಮೂವರ ಫೋಟೊ ತೆಗಿ, ನಾನು ಓಡುವುದಿಲ್ಲ.

“ಪಕ್ಕಾ?”

“ಪಕ್ಕಾ.”

ಆದ್ದರಿಂದ 23ಕ್ಕೆ ನೀನು ಬರಬೇಕು. ಎಡಗಡೆ ನಿಲ್ಲುವುದಕ್ಕಲ್ಲ. ಕ್ಯಾಮೆರಾದ ಹಿಂದೆ ನಿಂತು ಗುಂಡಿ ಒತ್ತಬೇಕಾದವನು ನೀನು. ಟೈಮರ್ ಇಟ್ಟರೆ ನನಗೆ ಹತ್ತು ಸೆಕೆಂಡು ಸಿಗುತ್ತದೆ. ಅಷ್ಟು ಹೊತ್ತು ನನ್ನ ಕಾಲನ್ನು ನಾನು ನಂಬಲಾರೆ.

ನಿನ್ನ ಸೊಸೆಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ದೇವರು ನಿನ್ನ ಕಿವಿ ಅಲ್ಲದಿದ್ದರೂ ಕಣ್ಣನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಲೋಕನಾಥ

ತಾ.ಕ.: ಮುಂದಿನ ತಿಂಗಳು ಪುಷ್ಪಾವತಿಯ ವರ್ಷಾಂತಿಕ. ‘ಲೋಕನಾಥ ಕರೆದಾಗ ಕೂಡಲೇ ಹೊರಟಿದ್ದರೆ ಅತ್ತಿಗೆಯ ಮುಖ ನೋಡುತ್ತಿದ್ದೆ’ ಎಂದು ನೀನು ಇನ್ನೂ ಕೊರಗುತ್ತೀಯೆಂದು ನಿನ್ನ ಸೊಸೆ ಹೇಳಿದಳು. ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಪುಷ್ಪಾವತಿಗೆ ಸ್ವಲ್ಪ ಗೆಲುವಾಗಿತ್ತು. “ಒಂದು ಫೋಟೊ ತೆಗಿ ಮಗಾ, ನಾವು ಮೂವರದ್ದೇ,” ಎಂದಳು. ಪೂಜಿತಾ ಕ್ಯಾಮೆರಾ ಇಟ್ಟೂ ಆಗಿತ್ತು. ತಡೆದವನು ನಾನು. ಕಿಟ್ಟಣ್ಣ ಬರಲಿ ಎಂದೆ. ನಿನಗೆ ಫೋನ್ ಮಾಡಿದ್ದು ಅದೊಂದಕ್ಕೇ. “ಇಷ್ಟು ವರ್ಷ ಆಯ್ತಲ್ಲ ಮಾರಾಯ್ರೆ, ಇವತ್ತಾದ್ರೂ ನಾವು ನಾವೇ ಇರುವ,” ಅಂದಳು. ಮೂವರು ನಿಂತರೆ ಎಲ್ಲಿ ಅವಳೇ ಹೋಗಿಬಿಡುತ್ತಾಳೋ ಎಂದು ನಾನು ಒಪ್ಪಲಿಲ್ಲ. ನೀನು ಬದಲಾಪುರದಿಂದ ಬಂದು ಮುಟ್ಟುವ ಮೊದಲೇ ಹೋದಳು. ಫೋಟೊ ತೆಗೆಯದೆಯೂ ಹೋದಳು. ತಡ ಮಾಡಿದವನು ನೀನಲ್ಲ, ಕಿಟ್ಟಣ್ಣ.